ಯಮುನೆಯ ನೀರು, ದೆಹಲಿಯ ಕಾಮಾಲೆ

1955ರ ಡಿಸೆಂಬರಿನಿಂದ 1956ರ ಜನವರಿಯವರೆಗೆ ದೆಹಲಿಯಲ್ಲಿ 29,000ಕ್ಕೂ ಹೆಚ್ಚು ಜನರು ಕಾಮಾಲೆಗೆ ತುತ್ತಾದರು. ಆ ವರ್ಷದ ಪ್ರವಾಹ ಇಳಿದ ಮೇಲೆ ಯಮುನೆಯ ಹರಿವು ಪಕ್ಕಕ್ಕೆ ಸರಿದಿದ್ದರಿಂದ, ನಗರದ ಕೊಳಚೆಯನ್ನು ಹೊತ್ತು ಬರುವ ನಜಫ್‌ಗಢ ನಾಲೆಯ ನೀರು ಹಿಮ್ಮುಖವಾಗಿ ಹರಿದು, ವಜೀರಾಬಾದಿನಲ್ಲಿ ಕುಡಿಯುವ ನೀರನ್ನು ಎತ್ತುವ ಸ್ಥಳವನ್ನು ನವೆಂಬರಿನಲ್ಲಿ ತಲುಪಿತು. ಅಪಾಯವನ್ನು ಗುರುತಿಸಿದ ಸಿಬ್ಬಂದಿ ಕ್ಲೋರಿನ್ ಪ್ರಮಾಣವನ್ನು ಹೆಚ್ಚಿಸಿದ್ದರಿಂದ, ಬ್ಯಾಕ್ಟೀರಿಯಾಗಳಿಂದ ಬರುವ ವಿಷಮಶೀತ ಜ್ವರದಂಥ ಕಾಯಿಲೆಗಳು ಆ ಅವಧಿಯಲ್ಲಿ ಏರಲಿಲ್ಲ. ಆದರೆ ಅದೇ ನೀರಿನಲ್ಲಿದ್ದ ವೈರಸ್ ಉಳಿದುಕೊಂಡು ನಲ್ಲಿಗಳ ಮೂಲಕ ಮನೆಮನೆಗೆ ಹರಿಯಿತು.

ಬ್ಯಾಕ್ಟೀರಿಯಾ ಸ್ವತಂತ್ರವಾಗಿ ಆಹಾರ ಪಡೆದು ವಿಭಜಿಸಿ ಬೆಳೆಯಬಲ್ಲ ಏಕಕೋಶ ಜೀವಿಯಾದರೆ, ವೈರಸ್ ಪ್ರೋಟೀನಿನ ಕವಚದೊಳಗಿನ ಆನುವಂಶಿಕ ದ್ರವ್ಯವಷ್ಟೇ ಆಗಿದ್ದು, ಜೀವಕೋಶವೊಂದರ ಒಳಹೊಕ್ಕ ಮೇಲೆ ಮಾತ್ರ ಸಂಖ್ಯೆಯಲ್ಲಿ ಹೆಚ್ಚುತ್ತದೆ. ದೆಹಲಿಯ ಕಾಮಾಲೆಗೆ ಕಾರಣವಾದ, ಈಗ ಹೆಪಟೈಟಿಸ್ ಇ ಎಂದು ಕರೆಯಲಾಗುವ ವೈರಸ್ ಸುಮಾರು 30 ನ್ಯಾನೋಮೀಟರ್ ಗಾತ್ರದ್ದು. ಜಠರದ ಆಮ್ಲವನ್ನು ತಾಳಿಕೊಂಡು ಕರುಳನ್ನು ದಾಟುವ ಅದು ರಕ್ತದ ಮೂಲಕ ಯಕೃತ್ತನ್ನು ಸೇರಿ, ಅಲ್ಲಿನ ಕೋಶಗಳನ್ನು ತನ್ನ ಪ್ರತಿಗಳನ್ನು ತಯಾರಿಸಲು ಬಳಸಿಕೊಳ್ಳುತ್ತದೆ.

ಸೋಂಕು ತಗಲಿದ ಎರಡರಿಂದ ಹತ್ತು ವಾರಗಳ ನಂತರವೇ ರೋಗಲಕ್ಷಣ ಕಾಣಿಸಿಕೊಳ್ಳುವುದರಿಂದ, ನವೆಂಬರಿನಲ್ಲಿ ಕೆಟ್ಟ ನೀರು ಡಿಸೆಂಬರಿನಲ್ಲಿ ಕಾಮಾಲೆಯಾಗಿ ಪ್ರಕಟವಾಯಿತು. ಈ ನಡುವಿನ ಕಾಲದಲ್ಲಿ ದೇಹ ಸುಮ್ಮನಿರುವುದಿಲ್ಲ. ಸೋಂಕಿತ ಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತವೆ. ಯಾವ ರೋಗಾಣುವೆಂದು ನಿಖರವಾಗಿ ಗುರುತಿಸದೆಯೇ ಕೂಡಲೇ ಕಾರ್ಯೋನ್ಮುಖವಾಗುವ ಈ ವ್ಯವಸ್ಥೆಗೆ ಸಹಜ ರೋಗನಿರೋಧ ಎಂದು ಹೆಸರು. ಅದರ ಬೆನ್ನಿಗೆ ಬರುವ ಗಳಿಕೆಯ ರೋಗನಿರೋಧದಲ್ಲಿ, ಬಿ ಕೋಶಗಳು ವೈರಸ್ಸಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳನ್ನು ತಯಾರಿಸುತ್ತವೆ ಮತ್ತು ಟಿ ಕೋಶಗಳು ವೈರಸ್ ನೆಲೆಸಿರುವ ಕೋಶಗಳನ್ನು ಪತ್ತೆಹಚ್ಚಿ ಕೊಲ್ಲುತ್ತವೆ.

ಈ ಕಾಯಿಲೆಯ ಗಮನಾರ್ಹ ಅಂಶವಿರುವುದು ಇಲ್ಲಿಯೇ. ಹೆಪಟೈಟಿಸ್ ಇ ವೈರಸ್ ತಾನು ಹೊಕ್ಕ ಕೋಶವನ್ನು ನೇರವಾಗಿ ನಾಶಮಾಡುವುದು ವಿರಳವಾದ್ದರಿಂದ, ಯಕೃತ್ತಿಗಾಗುವ ಹಾನಿಯ ದೊಡ್ಡ ಪಾಲು ಸೋಂಕನ್ನು ಹೊರಹಾಕಲು ದೇಹವೇ ನಡೆಸುವ ಕಾರ್ಯಾಚರಣೆಯ ಫಲವೆಂದು ಭಾವಿಸಲಾಗಿದೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಪಿತ್ತರಸದ ಜೊತೆ ಹೊರಕ್ಕೆ ಕಳುಹಿಸಬೇಕಾದ ಯಕೃತ್ತು ಹಾನಿಗೊಂಡಾಗ, ಆ ವಸ್ತು ರಕ್ತದಲ್ಲಿಯೇ ಉಳಿದು ಕಣ್ಣಿಗೂ ಚರ್ಮಕ್ಕೂ ಬಣ್ಣ ಹಚ್ಚುತ್ತದೆ. ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಯಕೃತ್ತು ಚೇತರಿಸಿಕೊಳ್ಳುತ್ತದೆಯಾದರೂ, ಗರ್ಭಧಾರಣೆಯ ಕೊನೆಯ ಮೂರು ತಿಂಗಳಲ್ಲಿರುವ ಸ್ತ್ರೀಯರಿಗೆ ಈ ಸೋಂಕು ಮಾರಕವಾಗಬಹುದು. ದೆಹಲಿಯಲ್ಲಿಯೂ ಗರ್ಭಿಣಿಯರ ಸಾವಿನ ಪ್ರಮಾಣ ಉಳಿದವರಿಗಿಂತ ಹೆಚ್ಚಾಗಿತ್ತು.

ಈ ರೋಗಾಣುವಿನ ಗುರುತು ಸಿಕ್ಕಿದ್ದು ಬಹಳ ತಡವಾಗಿ. ಹೆಪಟೈಟಿಸ್ ಎ ಎಂದೇ ನಂಬಲಾಗಿದ್ದ ಈ ಸಾಂಕ್ರಾಮಿಕದಲ್ಲಿ ಸಂಗ್ರಹಿಸಿ ಕಾಪಾಡಿದ್ದ ರಕ್ತದ ಮಾದರಿಗಳನ್ನು ಹೊಸ ವಿಧಾನಗಳಿಂದ ಪರೀಕ್ಷಿಸಿದಾಗ, ಆ ವೈರಸ್ ಬೇರೆಯದೆಂದು 1980ರಲ್ಲಿ ಸ್ಪಷ್ಟವಾಯಿತು. 1983ರಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಯಾನ್ ಸೋಂಕಿತ ಸೈನಿಕರ ಮಲದ ಮಾದರಿಯನ್ನು ಸ್ವತಃ ಸೇವಿಸಿ, ಕಾಮಾಲೆಗೆ ತುತ್ತಾಗಿ, ತಮ್ಮದೇ ಮಲದಲ್ಲಿದ್ದ ವೈರಸ್ ಕಣಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು.

ರಕ್ತದಲ್ಲಿ ಐಜಿಎಂ ಎಂಬ ಪ್ರತಿಕಾಯವನ್ನು ಗುರುತಿಸಿ ವೈದ್ಯರು ಇಂದು ಹೊಸ ಸೋಂಕನ್ನು ಪತ್ತೆಹಚ್ಚುತ್ತಾರೆ. ಚೀನಾದಲ್ಲಿ 2011ರಲ್ಲಿ ಲಸಿಕೆಗೂ ಅನುಮತಿ ದೊರೆತಿದೆ. ಆದರೆ ದೇಹದ ರಕ್ಷಣೆ ಗೆಲ್ಲುವಾಗಲೂ ಯಕೃತ್ತು ಅದರ ಬೆಲೆ ತೆರಬೇಕಾಗುವ ಇಂಥ ರೋಗದಲ್ಲಿ, ಪ್ರತಿಕಾಯಗಳಿಗಿಂತ ಮೊದಲ ಸಾಲಿನ ರಕ್ಷಣೆ ಶುದ್ಧವಾದ ನೀರೇ ಆಗಿದೆ: ಕುದಿಸಿದ ನೀರು ಒಂದು ಮನೆಯನ್ನು ಕಾಯಬಲ್ಲದು, ಕೊಳಚೆ ನಾಲೆಯನ್ನೂ ನೀರೆತ್ತುವ ಸ್ಥಳವನ್ನೂ ಬೇರ್ಪಡಿಸಿಡುವ ವ್ಯವಸ್ಥೆ ಇಡೀ ನಗರವನ್ನು ಕಾಯಬಲ್ಲದು.