ಮಾಡಿನ ಮೇಲೊಂದು ಮರ

ಆಷಾಢದ ನಡುರಾತ್ರಿ ಶೃಂಗೇರಿ ಸೀಮೆಯಲ್ಲಿ ಗಾಳಿ ಎದ್ದದ್ದು ಮೊದಲು ಗೊತ್ತಾಗುವುದು ಅಡಿಕೆ ತೋಟದಿಂದ. ತೆಳ್ಳನೆಯ ಮರಗಳು ಒಂದಕ್ಕೊಂದು ತಾಗುತ್ತವೆ, ಒಣಸೋಗೆ ಕಳಚಿ ದೊಪ್ಪನೆ ಬೀಳುತ್ತದೆ. ಆಮೇಲೆ ಮನೆ ಹಿಂದಿನ ಹಾಡ್ಯ ಮೊರೆಯತೊಡಗುತ್ತದೆ. ಕರೆಂಟು ಹೋಗಿ ಎರಡು ದಿನ. ಯುಪಿಎಸ್ ಸಂಜೆಗೇ ಕೈಕೊಟ್ಟಿದೆ. ಬಚ್ಚಲೊಲೆಯ ಕೆಂಡವಷ್ಟೇ ಮನೆಯೊಳಗಿನ ಬೆಳಕು. ಮಳೆಯ ಸದ್ದಿಗೆ ಒಗ್ಗಿಹೋದ ಕಿವಿಗೆ ಅದರ ನಡುವಿನಿಂದ ಬೇರೊಂದು ಸದ್ದು ಬಂದು ತಟ್ಟುತ್ತದೆ: ನೆಲದೊಳಗೆ ಬೇರು ಹರಿಯುವ ಲಟಲಟ. ಎದ್ದು ಕೂರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ರೆಂಬೆಗಳು ಮಾಡನ್ನು ಗೀರಿ, ಹೆಂಚು ಪುಡಿಯಾಗಿ, ಪಕಾಸು ಮುರಿದು, ಅಟ್ಟದ ಮೇಲಿನ ಹಪ್ಪಳದ ಡಬ್ಬ, ಮಿಡಿ ಉಪ್ಪಿನಕಾಯಿಯ ಭರಣಿ ಒಟ್ಟಿಗೇ ಕೆಳಗುರುಳಿ, ಕೊನೆಗೆ ಮನೆಯೊಳಗೇ ಮಳೆ.

ಬ್ಯಾಟರಿ ಹಿಡಿದ ಯಜಮಾನ ಮಕ್ಕಳನ್ನು ಎಬ್ಬಿಸಿದವನೇ ಕೊಡಲಿ ಹುಡುಕುತ್ತಾನೆ. ಅವನ ತಾಯಿ ಗದರುತ್ತಾರೆ: “ಬೆಳಗಾಗ್ಲಿ ತಡಿಯೋ. ಬಿದ್ದ ಮರ ಎಲ್ಲಿಗೂ ಓಡಿಹೋಗಲ್ಲ.”

ಹಳಬರ ಈ ಮಾತಿಗಿಂತ ದೊಡ್ಡ ಸಲಹೆ ಯಾವ ಕಚೇರಿಯಲ್ಲೂ ಸಿಗದು. ಬೀಳುವಾಗ ಯಾರಿಗೂ ಏನೂ ಮಾಡದ ಮರ, ಅವಸರ ಮಾಡಿದವರಿಗೆ ಬಿದ್ದ ಮೇಲೂ ಪೆಟ್ಟು ಕೊಡಬಲ್ಲದು. ರಾತ್ರಿ ಆಗಬೇಕಾದ ಕೆಲಸ ಸ್ವಲ್ಪವೇ. ಮನೆಮಂದಿಯನ್ನೆಲ್ಲ ಎಣಿಸಿ, ಮರ ಬಿದ್ದ ಪಕ್ಕವನ್ನು ಬಿಟ್ಟು ಇನ್ನೊಂದು ಬಾಗಿಲಿಂದ ಹೊರಗೆ ಕರೆತರುವುದು. ಕೊಟ್ಟಿಗೆಯ ದನಗಳ ಕಣ್ಣಿ ಬಿಚ್ಚುವುದು. ಗ್ಯಾಸ್ ಸಿಲಿಂಡರಿನ ಕೀಲಿ ತಿರುಗಿಸುವುದು. ಮೇನ್ ಸ್ವಿಚ್ಚು ಒಣಗಿದ್ದು ಕೈಗೆ ಸಿಗುವಂತಿದ್ದರೆ ಆರಿಸುವುದು, ಯುಪಿಎಸ್ಸನ್ನೂ ಮರೆಯದೆ ಬಂದ್ ಮಾಡುವುದು. ಸರ್ವಿಸ್ ತಂತಿ ಮರದಡಿ ಸಿಕ್ಕಿದ್ದರೆ ಆ ಕಡೆ ಸುಳಿಯಲೇಬಾರದು. ಊರಿಗೆಲ್ಲ ಕರೆಂಟಿಲ್ಲ ಎಂದ ಮಾತ್ರಕ್ಕೆ ತಂತಿ ಸತ್ತಿದೆ ಎಂದು ನಂಬುವ ಹಾಗಿಲ್ಲ. ಸರಿಯಾಗಿ ಬೇರ್ಪಡಿಸದ ಯಾರದೋ ಜನರೇಟರು ಅದೇ ತಂತಿಗೆ ಹಿಂದಿನಿಂದ ಜೀವ ತುಂಬೀತು. ಇಷ್ಟಾದ ಮೇಲೆ ಪಕ್ಕದ ಮನೆಯ ಜಗುಲಿ, ಒಂದು ಲೋಟ ಬೆಲ್ಲದ ಕಾಫಿ, ಬೆಳಗಿನ ದಾರಿ ಕಾಯುವುದು.

ಫೋನ್ ನಂಬರುಗಳೇನೋ ಇವೆ. ತುರ್ತಿಗೆ 112, ಜಿಲ್ಲಾಡಳಿತದ ಕಂಟ್ರೋಲ್ ರೂಮಿಗೆ 1077, ಮೆಸ್ಕಾಂಗೆ 1912, ಅರಣ್ಯ ಇಲಾಖೆಗೆ 1926. ಆದರೆ ಕರೆಂಟು ಹೋಗಿ ಹೊತ್ತಾದರೆ ನಮ್ಮ ಕಡೆ ಟವರೂ ಮಲಗುತ್ತದೆ. ನೆಟ್‌ವರ್ಕ್ ಸಿಗುವ ದಿಬ್ಬ ಯಾವುದು, ಲೈನ್‌ಮನ್ ಮನೆ ಯಾವ ತಿರುವಿನಲ್ಲಿದೆ ಎಂಬುದು ಆ ನಂಬರುಗಳಷ್ಟೇ ಮುಖ್ಯ.

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಮರ ಬೀಳುವ ಬಗೆಯೂ ಒಂದೇ ಅಲ್ಲ. ಶೃಂಗೇರಿ, ಕಿಗ್ಗ, ಕೆರೆಕಟ್ಟೆಯ ಕಡೆ ಆರಿದ್ರಾ, ಪುನರ್ವಸು, ಪುಷ್ಯ ಎಂದು ಒಂದರ ಹಿಂದೊಂದು ಮಳೆ ಹಿಡಿದು ನೆಲ ಮೆತ್ತಗಾಗುತ್ತದೆ. ತುಂಗೆ ಏರಿ ದಡದ ಕಪ್ಪೆ ಶಂಕರನ ಶಿಲ್ಪ ಮುಳುಗುವ ಹೊತ್ತಿಗೆ ಗುಡ್ಡದ ಮರಗಳು ಬುಡಸಮೇತ ಮಗುಚತೊಡಗುತ್ತವೆ. ಕಿಗ್ಗದ ಋಷ್ಯಶೃಂಗನಲ್ಲಿಗೆ ಬಯಲುಸೀಮೆಯವರು ಮಳೆ ಬೇಡಿ ಬಂದರೆ, ಊರವರು ಅದೇ ದೇವರೆದುರು ನಿಂತು ‘ಇನ್ನು ಸಾಕು’ ಎನ್ನುತ್ತಾರೆ. ಕೊಪ್ಪ, ಜಯಪುರದ ಕಾಫಿ ತೋಟಗಳಲ್ಲಿ ಸಿಲ್ವರ್ ಓಕಿನದೇ ಭಯ. ನೇರಕ್ಕೆ ಬೆಳೆದು, ಮೈತುಂಬ ಮೆಣಸಿನ ಬಳ್ಳಿ ಹೊತ್ತು, ಗಾಳಿಗೆ ನಡುವಿನಲ್ಲೇ ತುಂಡಾಗುತ್ತದೆ. ಎಷ್ಟೋ ತೋಟಗಳಲ್ಲಿ ಕೂಲಿಯವರ ಲೈನು ಮನೆಗಳಿರುವುದು ಅದರ ಬುಡದಲ್ಲೇ. ನರಸಿಂಹರಾಜಪುರ, ಹಳೆಯ ಹೆಸರಿನಲ್ಲಿ ಎಡೇಹಳ್ಳಿ, ಭದ್ರಾ ಹಿನ್ನೀರಿನ ದಂಡೆಯ ಊರು. ಅಲ್ಲಿ ಮಳೆ ಶೃಂಗೇರಿಯಷ್ಟಿಲ್ಲ. ಅಲ್ಲಿಯವರು ಹೆಚ್ಚು ಹೆದರುವುದು ಏಪ್ರಿಲ್-ಮೇ ತಿಂಗಳ ಗುಡುಗಿನ ಗಾಳಿಗೆ. ಕೇರಳದಿಂದ ಬಂದು ನೆಲೆಸಿದವರು ಎಬ್ಬಿಸಿದ ರಬ್ಬರ್ ತೋಟಗಳಲ್ಲಿ ಆ ಗಾಳಿ ಅರ್ಧ ತಾಸು ಸುಳಿದರೆ ಸಾಕು, ಪೆಡಸು ಮರಗಳು ಸಾಲುಸಾಲಾಗಿ ಮುರಿಯುತ್ತವೆ.

ಬೆಳಗಾಗುವುದರೊಳಗೆ ಸುದ್ದಿ ಊರು ಸುತ್ತಿರುತ್ತದೆ. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡವರು, ಕಂಬಳಿ ಹೊದ್ದವರು, ಬರ್ಮುಡಾ ಹುಡುಗರು ಒಬ್ಬೊಬ್ಬರಾಗಿ ಅಂಗಳಕ್ಕೆ ಇಳಿಯುತ್ತಾರೆ. ಹೇಳಿಕಳಿಸಿದವರಿಲ್ಲ. ನೆಟ್ಟಿಗೆ, ಕೊಯ್ಲಿಗೆ ಮುಯ್ಯಾಳು ಕಡಿಮೆಯಾಗಿರಬಹುದು, ಮರ ಬಿದ್ದ ಮನೆಗೆ ಮುಯ್ಯಿ ಇನ್ನೂ ಉಳಿದಿದೆ. ಅಡುಗೆಮನೆ ಸೋರುತ್ತಿದ್ದರೆ ಪಕ್ಕದ ಮನೆಯಲ್ಲೇ ಕಡುಬಿನ ಹಂಡೆ ಒಲೆಗೇರುತ್ತದೆ. ಸಲಹೆಗಳಿಗಂತೂ ಬರವಿಲ್ಲ.

“ಜೆಸಿಬಿ ತರ್ಸಿ ಎಳ್ದುಬಿಡುವ ಗೌಡ್ರೇ, ಹತ್ತು ನಿಮಿಷದ ಕೆಲ್ಸ.”

“ಎಳಿ ನೋಡುವ! ಗೋಡೆನೂ ಅದರ ಜೊತೆಗೇ ಬತ್ತದೆ.”

ಎರಡನೆಯವನು ಮರ ಕೊಯ್ಯುವ ಮಿಷನ್ನಿನವನು. ಅವನು ಬಂದವನೇ ಮಿಷನ್ ಚಾಲೂ ಮಾಡುವುದಿಲ್ಲ. ಮೊದಲು ಮನೆಯನ್ನೊಂದು ಸುತ್ತು ಹಾಕುತ್ತಾನೆ. ಮರದ ಭಾರ ಎಲ್ಲೆಲ್ಲಿ ಕೂತಿದೆ, ತೊಲೆಯ ಮೇಲೋ ಗೋಡೆಯ ಮೇಲೋ, ಯಾವ ಕೊಂಬೆ ನೆಲಕ್ಕೆ ಊರಿಕೊಂಡು ಇಡೀ ಮರವನ್ನು ತಡೆದು ಹಿಡಿದಿದೆ ಎಂದು ನೋಡುತ್ತಾನೆ. ಪೊಟರೆಯಲ್ಲಿ ಜೇನಿದೆಯೋ ಎಂದು ಇಣುಕುತ್ತಾನೆ. ಮನೆಯೊಳಗೆ ಹೋಗಿ, ಬಿರುಕುಬಿಟ್ಟ ತೊಲೆಗೆ ಅಡಿಕೆ ಮರದ ಕಂಬ ಕೊಟ್ಟು ನಿಲ್ಲಿಸುತ್ತಾನೆ. ಲೈನ್‌ಮನ್ ಬಂದು ತಂತಿ ಬಿಡಿಸುವವರೆಗೂ ಬೀಡಿ ಸೇದುತ್ತಾ ಕೂರುತ್ತಾನೆ. ಈ ಕೂರುವುದಕ್ಕೂ ಕೂಲಿ ಕೊಡಬೇಕು ಎನ್ನುವವನು ನಾನು.

ಕೊಯ್ಯುವ ಕ್ರಮವೂ ನೋಡುವಂಥದ್ದೇ. ತುದಿಯಿಂದ ಶುರು, ಬುಡ ಕೊನೆಗೆ. ಸಣ್ಣ ರೆಂಬೆಗಳನ್ನು ಕತ್ತಿಯಲ್ಲಿ ಸವರಿ ಭಾರ ಇಳಿಸುತ್ತಾರೆ. ದೊಡ್ಡ ಕೊಂಬೆಗೆ ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ಗಟ್ಟಿ ಮರಕ್ಕೆ ಸುತ್ತಿ, ತುಂಡಾದ ಮೇಲೆ ಮೆಲ್ಲಗೆ ಇಳಿಬಿಡುತ್ತಾರೆ. ಬಾಗಿ ಬಿಗಿದುಕೊಂಡ ಕೊಂಬೆಯ ಎದುರು ಯಾರೂ ನಿಲ್ಲುವುದಿಲ್ಲ. ಅದು ಕೊಯ್ದ ಕ್ಷಣ ಚಿಮ್ಮುತ್ತದೆ. ಎಲ್ಲಕ್ಕಿಂತ ಮೋಸದ್ದು ಕಿತ್ತೆದ್ದ ಬುಡ. ಬೇರಿನ ಸಮೇತ ಗೋಡೆಯ ಹಾಗೆ ಎದ್ದು ನಿಂತಿರುವ ಆ ಮಣ್ಣಿನ ಗುಡ್ಡೆಗೆ ಕಾಂಡದ ತೂಕವೇ ತಡೆ. ಕಾಂಡ ಕತ್ತರಿಸಿದೊಡನೆ ಅದು ತನ್ನ ಗುಂಡಿಗೆ ತಾನೇ ವಾಪಸ್ ಮಗುಚಿಕೊಳ್ಳುತ್ತದೆ. ಗುಂಡಿಯಲ್ಲಿ ಮಕ್ಕಳು ಆಡುತ್ತಿದ್ದರೆ ಮುಗಿಯಿತು. ಅದಕ್ಕೇ ಅನುಭವಸ್ಥರು ಮಕ್ಕಳನ್ನೂ ನಾಯಿಯನ್ನೂ ಮೊದಲೇ ಅಲ್ಲಿಂದ ಅಟ್ಟುತ್ತಾರೆ.

ಮಿಷನ್ ಕೂಗುವುದಕ್ಕೆ ಮುಂಚೆ ಆಗಲೇಬೇಕಾದ್ದು ಇನ್ನೊಂದಿದೆ, ಫೋಟೊ. ಹೊರಗಿನಿಂದ, ಒಳಗಿನಿಂದ, ಮರ ಮತ್ತು ಮನೆ ಎರಡೂ ಒಟ್ಟಿಗೆ ಕಾಣುವಂತೆ. ಮರ ತೆಗೆದು ಮಾಡಿಗೆ ಟಾರ್ಪಾಲು ಎಳೆದ ಮೇಲೆ ಬಂದ ಅಧಿಕಾರಿಗೆ ತೋರಿಸಲು ಒಂದು ನೀಲಿ ಟಾರ್ಪಾಲಷ್ಟೇ ಉಳಿದಿರುತ್ತದೆ. ಗ್ರಾಮ ಆಡಳಿತಾಧಿಕಾರಿ, ಊರ ಬಾಯಲ್ಲಿ ಈಗಲೂ ಶಾನುಭೋಗರು, ಬಂದು ಮಹಜರು ಬರೆಯುತ್ತಾರೆ. ಪಹಣಿ, ಆಧಾರ್, ಪಾಸ್‌ಬುಕ್ ಕೇಳುತ್ತಾರೆ. ಅವು ಬೀರುವಿನಲ್ಲಿ ನೆನೆಯುತ್ತಿಲ್ಲ ಎಂದು ಹಾರೈಸೋಣ.

ಪರಿಹಾರದ ಮೊತ್ತ ಕೇಳಿದರೆ ನಗು ಬರಬಹುದು. ವಿಪತ್ತು ಪರಿಹಾರ ನಿಧಿಯ 2022-26ರ ಮಾನದಂಡದಲ್ಲಿ ಪಕ್ಕಾ ಮನೆಗೆ ಶೇ 15ರಷ್ಟಾದರೂ ಹಾನಿಯಾಗಿದ್ದರೆ 6,500 ರೂಪಾಯಿ, ಕಚ್ಚಾ ಮನೆಗೆ 4,000, ದನದ ಕೊಟ್ಟಿಗೆಗೆ 3,000. ರಾಜ್ಯ ಸರ್ಕಾರ ಕೆಲವು ವರ್ಷ ಇದರ ಮೇಲೆ ತನ್ನದನ್ನೂ ಸೇರಿಸಿ ಕೊಟ್ಟಿದ್ದುಂಟು. ಅರ್ಜಿ ಹಾಕದೆ ಇರಬಾರದು, ಅದನ್ನೇ ನೆಚ್ಚಿಯೂ ಕೂರಬಾರದು. ಇನ್ನೂ ಕಷ್ಟ ಹಕ್ಕುಪತ್ರವಿಲ್ಲದವರದು. ಮನೆಯಡಿಯ ಜಾಗ ಅರಣ್ಯದ್ದೋ ಕಂದಾಯದ್ದೋ ತೀರ್ಮಾನವಾಗದೆ, ಮನೆ ಸಕ್ರಮಕ್ಕೆ ಹಾಕಿದ 94ಸಿ ಅರ್ಜಿ ಕಚೇರಿಯಲ್ಲಿ ಕೊಳೆಯುತ್ತಿರುವ ಕುಟುಂಬಗಳು ಈ ಮೂರೂ ತಾಲ್ಲೂಕಿನಲ್ಲಿವೆ. ಮರ ಬೀಳುವಾಗ ದಾಖಲೆ ನೋಡಲಿಲ್ಲ, ಪರಿಹಾರ ನೋಡುತ್ತದೆ. ಲೈನು ಮನೆಯ ಕೂಲಿಯವರಿಗೆ ಆ ಮನೆಯೇ ತಮ್ಮದಲ್ಲ. ಅಲ್ಲಿ ತೋಟದ ಯಜಮಾನರ ಮನಸ್ಸೇ ಕಾನೂನು.

ಮರದ ಕತೆ ಬೇರೆಯೇ. ಸಿಲ್ವರ್ ಓಕ್, ರಬ್ಬರ್, ಹಾಲುವಾಣವಾದರೆ ಕಡಿಯುವುದಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆಯ ಪರವಾನಗಿ ಬೇಡ. ಬೀಟೆ, ತೇಗ, ಗಂಧವಾದರೆ ಮಾಡಿನ ಮೇಲಿಂದ ಇಳಿಸುವುದಕ್ಕಷ್ಟೇ ನಮ್ಮ ಉಸಾಬರಿ, ಮುಂದಿನದು ಇಲಾಖೆಯದು. ನಮ್ಮ ಮನೆ ಮುರಿದ ಮರ ನಮ್ಮದೇ ಎಂದು ಲಾರಿಗೆ ತುಂಬಿದರೆ, ರಹದಾರಿಯಿಲ್ಲದ ನಾಟಾ ಸಾಗಿಸಿದ ಕೇಸು ಮೈಮೇಲೆ ಬಂದೀತು. ಕೊಪ್ಪದಲ್ಲಿ ಅರಣ್ಯ ವಿಭಾಗದ ಕಚೇರಿಯೇ ಇದೆ, ಮೂರೂ ತಾಲ್ಲೂಕಿನಲ್ಲಿ ರೇಂಜ್ ಆಫೀಸುಗಳಿವೆ. ಫಾರೆಸ್ಟರಿಗೆ ಮೊದಲೇ ತಿಳಿಸಿ ಒಂದು ಅರ್ಜಿ ಬರೆದುಕೊಟ್ಟು ಪ್ರತಿ ಇಟ್ಟುಕೊಳ್ಳುವುದು ಜಾಣತನ.

ಇನ್ನು ಮಾಡು. ಹೆಂಚಿನ ಮನೆಗೆ ಒಂದು ಸದ್ಗುಣವಿದೆ: ಪೆಟ್ಟು ಬಿದ್ದಷ್ಟೇ ಜಾಗ ಹಾಳಾಗುತ್ತದೆ. ಹೆಂಚು ಒಡೆದು, ರೀಪು ಮುರಿದು, ಪಕಾಸು ಬಾಗಿ, ತೊಲೆಗೆ ತಲುಪುವಷ್ಟರಲ್ಲಿ ಮರದ ರಭಸ ತಗ್ಗಿರುತ್ತದೆ. ಸಿಮೆಂಟ್ ಶೀಟು ಹಾಗಲ್ಲ, ಮೂಲೆಗೆ ತಾಗಿದರೂ ಉದ್ದಕ್ಕೆ ಸೀಳುತ್ತದೆ. ತಾರಸಿ ಮನೆಯವರು ‘ನಮ್ಗೇನೂ ಆಗ್ಲಿಲ್ಲ’ ಎನ್ನುತ್ತಾರೆ, ಕೂದಲೆಳೆಯ ಬಿರುಕಿನಿಂದ ಎರಡನೇ ಮಳೆಗಾಲಕ್ಕೆ ನೀರು ಜಿನುಗುವವರೆಗೆ. ಮಂಗಳೂರು ಹೆಂಚಿನ ಚರಿತ್ರೆ 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯಿಂದ ಶುರು. ಘಟ್ಟ ಹತ್ತಿ ಬಂದ ಆ ಹೆಂಚು ಸೋಗೆಯ ಮಾಡನ್ನೂ ನಾಡಹೆಂಚನ್ನೂ ಬದಿಗೆ ಸರಿಸಿತು. ಈಗ ಎಷ್ಟೋ ಕಾರ್ಖಾನೆಗಳು ಮುಚ್ಚಿವೆ. ಒಂದು ಕಂಪನಿಯ ಹೆಂಚಿನ ತೋಡಿಗೆ ಇನ್ನೊಂದರ ಅಂಚು ಕೂರುವುದಿಲ್ಲ. ಕೊಟ್ಟಿಗೆಯ ಹಿಂದೆ ಪಾಚಿ ಹಿಡಿದು ಕೂತ ಹಳೆ ಹೆಂಚಿನ ರಾಶಿಯನ್ನು ‘ಹಾವಿನ ಗೂಡು’ ಎಂದು ಬೈಯುತ್ತಿದ್ದ ಸೊಸೆಯೇ ಆ ದಿನ ಅದನ್ನು ತೊಳೆದು ಕೊಡುತ್ತಾಳೆ.

ವಿಮೆಯ ಮಾತು ಎರಡೇ ಸಾಲಿನಲ್ಲಿ ಮುಗಿಸುತ್ತೇನೆ. 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಮಾದರಿ ಮನೆ ವಿಮೆ ಇದೆ, ಮರ ಬಿದ್ದು ಆದ ಹಾನಿಯೂ ಅದರಲ್ಲಿ ಸೇರಿದೆ. ಕೇಳಿದರೆ ನಮ್ಮವರು ಬೈಕಿನ ವಿಮೆ ತೋರಿಸುತ್ತಾರೆ.

ಬಿದ್ದ ಮರವನ್ನು ಗಾಳಿಯ ತಲೆಗೆ ಕಟ್ಟುವುದು ಸುಲಭ. ಆದರೆ ಬಿದ್ದ ಜಾಗವನ್ನು ನೋಡಿ. ಮನೆ ಕಟ್ಟಲು, ರಸ್ತೆ ಅಗಲಿಸಲು ಗುಡ್ಡ ಕಡಿದ ಧರೆ, ಅದರ ನೆತ್ತಿಯ ಮೇಲೆ ಮರ. ಒಂದು ಪಕ್ಕದ ಬೇರನ್ನೆಲ್ಲ ಜೆಸಿಬಿ ಆಗಲೇ ತಿಂದಿದೆ. ಅದು ವಾಲುವುದು ಮನೆಯ ಕಡೆಗೇ. ಅಂಥ ಮರ ಇಲಾಖೆಯದಾದರೆ ಬೇಸಿಗೆಯಲ್ಲೇ ಫೋಟೊ ಸಮೇತ ಅರ್ಜಿ ಕೊಡಬೇಕು. ಜುಲೈಯಲ್ಲಿ ಕೊಟ್ಟ ಅರ್ಜಿಯನ್ನು ಮರವೇ ವಿಲೇವಾರಿ ಮಾಡುತ್ತದೆ. ನಮ್ಮದೇ ಮರವಾದರೆ ಮದ್ದು ನಮಗೆ ಗೊತ್ತಿರುವುದೇ. ಕಾಫಿಗೆ ನೆರಳು ಹದ ಮಾಡಲು ಪ್ರತಿವರ್ಷ ತಪ್ಪದೆ ಮರಗಸಿ ಮಾಡಿಸುವ ನಾವು, ಮಲಗುವ ಕೋಣೆಯ ಮೇಲೆ ಕೈಚಾಚಿದ ಹಲಸಿನ ಕೊಂಬೆಯನ್ನು ಮಾತ್ರ ಅಜ್ಜ ನೆಟ್ಟಿದ್ದು ಎಂದು ಬಿಡುತ್ತೇವೆ. ಮರವನ್ನು ಕಡಿಯಬೇಕಿಲ್ಲ, ಅದರ ಭಾರವನ್ನು ಎರಡೂ ಕಡೆ ಸಮನಾಗಿ ಇಳಿಸಿದರೆ ಸಾಕು. ಈ ಸಲ ತೋಟಕ್ಕೆ ಮರಗಸಿಯವರು ಬಂದಾಗ ಅರ್ಧ ದಿನ ಮನೆಯಂಗಳಕ್ಕೂ ಕರೆಯಿರಿ. ರೋಹಿಣಿ ಮಳೆ ಶುರುವಾಗುವುದು ಮೇ 25ರ ಹೊತ್ತಿಗೆ, ಕೆಲಸ ಅದರೊಳಗೆ ಮುಗಿದಿರಲಿ.