ತಣ್ಣಗಿದ್ದ ಮಾತ್ರಕ್ಕೆ ಚೊಕ್ಕಟವೇ?

ಆಯುಧಪೂಜೆಯ ಹಿಂದಿನ ದಿನ ನಮ್ಮ ಎಷ್ಟೋ ಮನೆಗಳಲ್ಲಿ ಫ್ರಿಜ್ಜಿಗೆ ವರ್ಷದ ಸ್ನಾನ. ತಟ್ಟೆಗಳನ್ನೆಲ್ಲ ಹೊರಗೆ ತೆಗೆದು ತಿಕ್ಕಿ, ಬಾಗಿಲಿಗೆ ಕುಂಕುಮ ಇಟ್ಟು, ಹಿಡಿಕೆಗೆ ಒಂದು ಮೊಳ ಸೇವಂತಿಗೆ ಸುತ್ತಿದರೆ ಮುಂದಿನ ದಸರೆಯ ತನಕ ಅದರ ಗೊಡವೆ ಇಲ್ಲ. ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಒಳಗೆ ಅಷ್ಟು ತಣ್ಣಗಿರುವಾಗ ಕ್ರಿಮಿ ಎಲ್ಲಿಂದ ಬರಬೇಕು ಎಂಬ ಗಟ್ಟಿ ನಂಬಿಕೆ ಇದರ ಹಿಂದಿದೆ. ಫ್ರಿಜ್ಜಿನ ಬಗ್ಗೆ ಚಾಲ್ತಿಯಲ್ಲಿರುವ ಅರ್ಧಕ್ಕರ್ಧ ತಪ್ಪು ತಿಳಿವಳಿಕೆಗಳು ಹುಟ್ಟುವುದು ಇಲ್ಲೇ. ಕಣ್ಣಿಗೆ ಕಾಣುವ ಕಡೆ ಹೊಳಪು ಬಂದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಕೊಳೆಯಾಗಲಿ ರಿಪೇರಿ ಖರ್ಚಾಗಲಿ ಹೆಚ್ಚಾಗಿ ಶುರುವಾಗುವುದು ಕಣ್ಣಿಗೆ ಬೀಳದ ಜಾಗಗಳಲ್ಲಿ.

“ತಂಪಿನಲ್ಲಿ ಕ್ರಿಮಿ ಬದುಕಲ್ಲ”

ಬದುಕುತ್ತವೆ. ತಂಪು ಅವುಗಳ ವೇಗ ತಗ್ಗಿಸುತ್ತದೆ, ಅಷ್ಟೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಆಹಾರದಲ್ಲಿನ ಬ್ಯಾಕ್ಟೀರಿಯಾಗಳು ಬಲು ಬೇಗ ಹೆಚ್ಚುತ್ತವೆ. 5ಕ್ಕಿಂತ ಕೆಳಗೆ ಹೆಚ್ಚಿನವು ಮಂಕಾಗುತ್ತವೆ, ಎಲ್ಲವೂ ಅಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ 4 ಡಿಗ್ರಿಯಲ್ಲೂ ನಿಧಾನಕ್ಕೆ ಬೆಳೆಯಬಲ್ಲದು; ಗರ್ಭಿಣಿಯರಿಗೂ ವಯಸ್ಸಾದವರಿಗೂ ಅದರ ಸೋಂಕು ಅಪಾಯಕಾರಿ. ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಬೆಳವಣಿಗೆ ನಿಂತರೂ ಹಲವು ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ಐಸ್ ಕರಗಿದ ಮೇಲೆ ಮತ್ತೆ ಚುರುಕಾಗುತ್ತವೆ. ಪುರಾವೆ ಬೇಕಿದ್ದರೆ ದೋಸೆ ಹಿಟ್ಟಿನ ಡಬ್ಬಿ ತೆರೆದು ನೋಡಿ. ಫ್ರಿಜ್ಜಿನಲ್ಲೇ ಇದ್ದ ಹಿಟ್ಟು ಮೂರನೇ ದಿನಕ್ಕೆ ಮೊದಲಿಗಿಂತ ಹುಳಿಯಾಗಿರುತ್ತದೆ. ಹುಳಿ ಬರಿಸುವ ಬ್ಯಾಕ್ಟೀರಿಯಾ ಅಷ್ಟು ತಂಪಿನಲ್ಲೂ ಕೆಲಸ ಬಿಟ್ಟಿರುವುದಿಲ್ಲ.

ಹೊರಗಿನ ಕೊಳೆಯನ್ನು ನಾವೇ ಒಳಗೆ ಕರೆತರುತ್ತೇವೆ ಎಂಬುದು ಇನ್ನೊಂದು ವಿಷಯ. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಕ್ರೇಟಿನಿಂದ ಅಂಗಡಿಯ ನೆಲಕ್ಕೆ, ಅಲ್ಲಿಂದ ಸ್ಕೂಟರಿನ ಕೊಕ್ಕೆಗೆ, ಅಲ್ಲಿಂದ ನೇರ ಫ್ರಿಜ್ಜಿಗೆ. ಒಳಗಿನ ಹಾಲು ಪಾಶ್ಚರೀಕರಿಸಿದ್ದು ನಿಜ, ಮೇಲಿನ ಪ್ಲಾಸ್ಟಿಕ್ ಅಲ್ಲವಲ್ಲ. ನಲ್ಲಿಯಡಿ ಒಮ್ಮೆ ತೊಳೆದು ಒರೆಸಿಟ್ಟರೆ ಸಾಕು. ಚೆಲ್ಲಿದ್ದನ್ನು ಆಗಲೇ ಒರೆಸುವುದು, ಎರಡು ವಾರಕ್ಕೊಮ್ಮೆ ತಟ್ಟೆಗಳನ್ನು ಪಾತ್ರೆ ಸೋಪಿನ ನೀರಿನಿಂದ ತೊಳೆಯುವುದು, ಇಷ್ಟೇ ಒಳಗಿನ ಕೆಲಸ. ಫಿನಾಯಿಲ್, ಆಸಿಡ್ಡು ಇಲ್ಲಿ ಬೇಡ. ಪ್ಲಾಸ್ಟಿಕ್ ಆ ವಾಸನೆ ಹಿಡಿದುಕೊಂಡರೆ ಬೆಣ್ಣೆಗೂ ಅದೇ ವಾಸನೆ. ಗಾಜಿನ ತಟ್ಟೆಯನ್ನು ಹೊರಗೆ ತೆಗೆದ ಕೂಡಲೇ ಬಿಸಿನೀರಿಗೆ ಹಿಡಿದರೆ ಬಿರುಕು ಬಿಡಬಹುದು, ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ.

“ಬಿಸಿ ಪದಾರ್ಥ ಇಟ್ಟರೆ ಫ್ರಿಜ್ ಕೆಡುತ್ತೆ”

ಇದು ಅರ್ಧ ನಿಜ. ಕುದಿಯುವ ಹುಳಿಯ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಪಕ್ಕದ ಹಾಲು ಮೊಸರು ಬೆಚ್ಚಗಾಗುತ್ತವೆ, ಕಂಪ್ರೆಸರಿಗೂ ಕೆಲಸ ಹೆಚ್ಚು. ಆದರೆ ಈ ಭಯದಿಂದ ನಾವು ಮಾಡುವುದೇನು? ಮಧ್ಯಾಹ್ನದ ಅನ್ನ, ಹುಳಿ “ಆರಲಿ” ಎಂದು ರಾತ್ರಿಯ ತನಕ ಒಲೆಯ ಮೇಲೇ ಬಿಟ್ಟಿರುತ್ತೇವೆ. ಅಪಾಯ ಇರುವುದು ಆ ಹೊತ್ತಿನಲ್ಲೇ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೇಯಿಸಿದರೂ ಉಳಿಯುತ್ತವೆ. ಅನ್ನ ಹೊರಗೆ ಬೆಚ್ಚಗೆ ಕೂತಷ್ಟು ಹೊತ್ತೂ ಅವು ಮೊಳೆತು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಅಷ್ಟೆ.

ಹಾಗಾಗಿ ಅಡುಗೆಯಾದ 2 ಗಂಟೆಯೊಳಗೆ ಮಿಕ್ಕಿದ್ದು ಫ್ರಿಜ್ಜಿನಲ್ಲಿರಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಾದರೆ 1 ಗಂಟೆಯೊಳಗೆ. ದೊಡ್ಡ ಪಾತ್ರೆಯಲ್ಲಿದ್ದುದನ್ನು ಅಗಲ ಬಾಯಿಯ ಎರಡು ಮೂರು ಡಬ್ಬಿಗಳಿಗೆ ಹಂಚಿ, ತಣ್ಣೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬೇಗ ಆರುತ್ತದೆ. ಉಗುರುಬೆಚ್ಚಗಿದ್ದರೂ ಒಳಗಿಡಬಹುದು. ಅದರಿಂದ ಯಾವ ಫ್ರಿಜ್ಜೂ ಕೆಟ್ಟಿಲ್ಲ.

ಇಲ್ಲೇ ಒಂದು ಸಣ್ಣ ಗೊಂದಲವನ್ನೂ ಬಗೆಹರಿಸಿಬಿಡಬಹುದು. ಒಳಗಿನ ತಿರುಪಿನ ಮೇಲೆ ಬರೆದ 1, 2, 3 ಡಿಗ್ರಿಗಳಲ್ಲ. ಸಾಮಾನ್ಯವಾಗಿ ಅಂಕಿ ದೊಡ್ಡದಾದಷ್ಟೂ ತಂಪು ಹೆಚ್ಚು. “ಫ್ರಿಜ್ಜಿನಲ್ಲಿ ಏನೂ ನಿಲ್ಲುತ್ತಿಲ್ಲ, 1ಕ್ಕೆ ಇಳಿಸಿದ್ದೇನೆ” ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ನಿಜವಾದ ಡಿಗ್ರಿ ತಿಳಿಯಬೇಕಿದ್ದರೆ ಫ್ರಿಜ್ಜಿಗೆಂದೇ ಸಿಗುವ ಥರ್ಮಾಮೀಟರನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ, ರಾತ್ರಿಯಿಡೀ ನಡುವಿನ ತಟ್ಟೆಯ ಮೇಲೆ ಬಿಟ್ಟು, ಬೆಳಿಗ್ಗೆ ಬಾಗಿಲು ತೆರೆದ ತಕ್ಷಣ ನೋಡಿ. 5ಕ್ಕಿಂತ ಮೇಲಿದ್ದರೆ ತಿರುಪು ತಿರುಗಿಸಿ.

“ನಿಂಬೆ ಹೋಳು ಇಟ್ಟರೆ ಎಲ್ಲ ಶುದ್ಧ”

ನಿಂಬೆ ಹೋಳು, ಬಟ್ಟಲಲ್ಲಿ ಅಡುಗೆ ಸೋಡಾ, ಇದ್ದಿಲ ತುಂಡು. ಇವಕ್ಕೆ ವಾಸನೆಯ ಮಟ್ಟಿಗೆ ಸ್ವಲ್ಪ ಬೆಲೆ ಕೊಡಬಹುದು, ಇದ್ದಿಲಿಗೆ ತುಸು ಹೆಚ್ಚೇ. ಕ್ರಿಮಿಯ ತಂಟೆಗೆ ಇವು ಯಾವುವೂ ಹೋಗುವುದಿಲ್ಲ. ನಿಂಬೆ ಹೋಳನ್ನು ಇಟ್ಟವರು ಮರೆತರೆ ಕೆಲವೇ ದಿನಗಳಲ್ಲಿ ಅದಕ್ಕೇ ಹಸಿರು ಬೂಷ್ಟು ಬಂದಿರುತ್ತದೆ! ತಟ್ಟೆಗಳನ್ನೆಲ್ಲ ತೊಳೆದ ಮೇಲೂ ಕಮಟು ವಾಸನೆ ಹೋಗದಿದ್ದರೆ ನಿಂಬೆಯನ್ನು ಬದಿಗಿಟ್ಟು ಎರಡು ಜಾಗ ಹುಡುಕಬೇಕು.

ಮೊದಲನೆಯದು ಒಳಗೆ, ಹಿಂಬದಿಯ ಗೋಡೆಯ ಕೆಳಭಾಗದಲ್ಲಿ, ಸಾಮಾನ್ಯವಾಗಿ ತರಕಾರಿ ಪೆಟ್ಟಿಗೆಯ ಮೇಲ್ಗಡೆ ಇರುವ ಒಂದು ಪುಟ್ಟ ತೂತು. ಗೋಡೆಯ ಮೇಲೆ ಕಟ್ಟಿದ ಹನಿಗಳು ಹರಿದು ಆಚೆ ಹೋಗುವ ದಾರಿ ಅದು. ಕೊತ್ತಂಬರಿ ಸೊಪ್ಪಿನ ಒಂದು ಎಲೆ, ಈರುಳ್ಳಿಯ ಒಂದು ಸಿಪ್ಪೆ ಸಾಕು, ಅದು ಕಟ್ಟಿಕೊಳ್ಳಲು. ಆಮೇಲೆ ತರಕಾರಿ ಪೆಟ್ಟಿಗೆಯ ಕೆಳಗೆ ನೀರು ನಿಲ್ಲುತ್ತದೆ. ಮನೆಯವರು “ಫ್ರಿಜ್ ಸೋರುತ್ತಿದೆ” ಎಂದು ಮೆಕ್ಯಾನಿಕ್ಕಿಗೆ ಫೋನು ಮಾಡುತ್ತಾರೆ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಮೆಲ್ಲಗೆ ಬಿಡಿಸಿ, ಸೋಡಾ ಕಲಸಿದ ಉಗುರುಬೆಚ್ಚನೆಯ ನೀರನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರೆ ದಾರಿ ತೆರೆದುಕೊಳ್ಳುತ್ತದೆ.

ಆ ನೀರು ಹೋಗಿ ಬೀಳುವುದೇ ಎರಡನೆಯ ಜಾಗ: ಹಿಂದುಗಡೆ, ಕಂಪ್ರೆಸರಿನ ಮೇಲೋ ಪಕ್ಕದಲ್ಲೋ ಇರುವ ಪ್ಲಾಸ್ಟಿಕ್ ಟ್ರೇ. ಕಂಪ್ರೆಸರಿನ ಕಾವಿಗೆ ನೀರು ತಾನಾಗಿ ಆವಿಯಾಗಲಿ ಎಂದೇ ಅದನ್ನು ಅಲ್ಲಿಟ್ಟಿರುತ್ತಾರೆ. “ತಾನಾಗಿ ಆವಿಯಾಗುತ್ತದಲ್ಲ, ನಾವ್ಯಾಕೆ ನೋಡಬೇಕು” ಎಂಬ ನಂಬಿಕೆಯಷ್ಟು ದುಬಾರಿಯಾದದ್ದು ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಮಳೆಗಾಲದ ತೇವದಲ್ಲಿ ಆ ನೀರು ಪೂರ್ತಿ ಆರುವುದಿಲ್ಲ. ನಿಂತ ತಿಳಿನೀರು, ಕತ್ತಲು, ಯಾರೂ ಕದಡದ ಮೂಲೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇನ್ನೇನು ಬೇಕು? ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ 7ರಿಂದ 10 ದಿನ ಸಾಕು. ಲಾರ್ವಾ ಸಮೀಕ್ಷೆಗೆ ಬರುವ ಆಶಾ ಕಾರ್ಯಕರ್ತೆಯರು ಡ್ರಮ್ಮು, ಹೂಕುಂಡದ ತಟ್ಟೆಯ ಜೊತೆ “ಫ್ರಿಜ್ ಹಿಂದೆ ನೋಡಿದ್ರಾ?” ಎಂದು ಕೇಳುವುದು ಇದಕ್ಕೇ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು.

ಪ್ಲಗ್ಗು ಕಿತ್ತು, ಟ್ರೇ ಹೊರಗೆಳೆದು, ವಾರಕ್ಕೊಮ್ಮೆ ನೀರು ಚೆಲ್ಲಬೇಕು. ಚೆಲ್ಲಿದರಷ್ಟೇ ಸಾಲದು, ಅಂಚುಗಳನ್ನು ಬ್ರಷ್ಷಿನಿಂದ ಉಜ್ಜಬೇಕು. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕೆ ತುಸು ಮೇಲೆ, ಗೋಡೆಗೆ ಅಂಟಿಸಿದ ಹಾಗೆ. ಒಣಗಿದ ಟ್ರೇಯಲ್ಲೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದಾಗ ಒಡೆಯುತ್ತವೆ. ಕೆಲವು ಮಾದರಿಗಳಲ್ಲಿ ಟ್ರೇಯನ್ನು ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಸರ್ವಿಸಿನವರು ಬಂದಾಗ ಬಿಚ್ಚುವ ಬಗೆ ತೋರಿಸಿಕೊಂಡರೆ ಆಯಿತು.

“ರಬ್ಬರಿನ ಕಪ್ಪೇ ಬ್ಲ್ಯಾಕ್ ಫಂಗಸ್”

2021ರ ಕೋವಿಡ್ ಎರಡನೇ ಅಲೆಯ ದಿನಗಳಲ್ಲಿ ಈರುಳ್ಳಿಯ ಮೇಲಿನ ಕಪ್ಪು ಪುಡಿ, ಫ್ರಿಜ್ಜಿನ ಬಾಗಿಲ ರಬ್ಬರಿನ ಕಪ್ಪು ಪದರ ಎರಡೂ ಬ್ಲ್ಯಾಕ್ ಫಂಗಸ್ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡಿತು. ಅದು ಸುಳ್ಳು. ಈರುಳ್ಳಿಯ ಮೇಲಿನದು ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟು. ಬ್ಲ್ಯಾಕ್ ಫಂಗಸ್ ಎಂದು ಹೆಸರಾದ ಮ್ಯೂಕೋರ್‌ಮೈಕೋಸಿಸ್ ರೋಗ ತರುವ ಶಿಲೀಂಧ್ರಗಳ ಗುಂಪೇ ಬೇರೆ. ಅವು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಗಾಳಿಯಲ್ಲಿ ಇರುತ್ತವೆ. ಅಂದು ಅವು ಹೆಚ್ಚಾಗಿ ಕಾಡಿದ್ದು ಸಕ್ಕರೆ ಕಾಯಿಲೆ ಹತೋಟಿಯಲ್ಲಿರದವರನ್ನು, ಸ್ಟೆರಾಯ್ಡ್ ಪಡೆದವರನ್ನು. ಆ ರೋಗದ ಕಪ್ಪು ಬಣ್ಣವೂ ಶಿಲೀಂಧ್ರದ್ದಲ್ಲ, ರಕ್ತ ನಿಂತು ಸತ್ತ ಅಂಗಾಂಶದ್ದು.

ಸಂದೇಶ ಸುಳ್ಳೆಂದ ಮಾತ್ರಕ್ಕೆ ರಬ್ಬರಿನ ಬೂಷ್ಟನ್ನು ಬಿಡಬೇಕಾಗಿಲ್ಲ. ಅದು ಆಹಾರಕ್ಕೂ ಹರಡಬಹುದು, ರಬ್ಬರಿಗೂ ಒಳ್ಳೆಯದಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೋಪಿನ ನೀರಿಗೆ ಅದ್ದಿ ಮಡಿಕೆಗಳ ಒಳಗೆಲ್ಲ ಉಜ್ಜಿ, ಒಣಬಟ್ಟೆಯಿಂದ ಒರೆಸಿ. ಕೊನೆಗೆ ಒಂದು ನೋಟನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ಬಿಗಿಯಾಗಿ ಬಂದರೆ ರಬ್ಬರು ಸರಿ ಇದೆ. ಸಲೀಸಾಗಿ ಜಾರಿದರೆ ಆ ಜಾಗದಲ್ಲಿ ಹೊರಗಿನ ಬಿಸಿಗಾಳಿ ಹಗಲೂ ರಾತ್ರಿ ಒಳಗೆ ಹೋಗುತ್ತಿದೆ.

“ಐಸ್ ದಪ್ಪ ಕಟ್ಟಿದಷ್ಟೂ ತಂಪು ಜಾಸ್ತಿ”

ಒಂದೇ ಬಾಗಿಲಿನ ಫ್ರಿಜ್ಜುಗಳಲ್ಲಿ ಫ್ರೀಜರಿನ ಸುತ್ತ ಗಡ್ಡೆ ಕಟ್ಟುವ ಐಸು ತಂಪು ಕೊಡುವುದಿಲ್ಲ, ತಂಪಿಗೆ ಕಂಬಳಿ ಹೊದಿಸುತ್ತದೆ. ತಂಪು ಬರುವುದು ಐಸಿನ ಹಿಂದಿರುವ ಅಲ್ಯೂಮಿನಿಯಂ ತಗಡಿನಿಂದ. ಅದು ಮುಚ್ಚಿಹೋದಷ್ಟೂ ಕಂಪ್ರೆಸರ್ ಹೆಚ್ಚು ಹೊತ್ತು ಓಡಬೇಕು. ಐಸು ಅರ್ಧ ಸೆಂಟಿಮೀಟರ್ ದಾಟುವ ಮೊದಲೇ ತಿರುಪಿನ ನಡುವಿನ ಡಿಫ್ರಾಸ್ಟ್ ಗುಂಡಿ ಒತ್ತಿ. ಕರಗಿ ಮುಗಿದ ಮೇಲೆ ಯಂತ್ರ ತಾನೇ ಮತ್ತೆ ಶುರುವಾಗುತ್ತದೆ.

ಅಷ್ಟು ಹೊತ್ತು ಕಾಯಲು ತಾಳ್ಮೆಯಿಲ್ಲದೆ ಚಾಕು, ಸ್ಕ್ರೂಡ್ರೈವರ್ ಹಿಡಿದವರ ಫ್ರಿಜ್ಜುಗಳನ್ನು ರಿಪೇರಿ ಅಂಗಡಿಗಳಲ್ಲಿ ನೋಡಬಹುದು. ಆ ತಗಡು ಒಂದಲ್ಲ, ಎರಡು. ನಡುವೆ ಉಬ್ಬಿಸಿ ಮಾಡಿದ ನಾಳಗಳಲ್ಲಿ ಗ್ಯಾಸು ಹರಿಯುತ್ತದೆ. ಚಾಕುವಿನ ಮೊನೆ ಒಮ್ಮೆ ತಾಗಿತೋ, ಸುಂಯ್ ಎಂದು ಸದ್ದು, ಕೆಲಸ ಕೆಟ್ಟಿತು. ಈಗಿನ ಬಹುಪಾಲು ಫ್ರಿಜ್ಜುಗಳಲ್ಲಿರುವುದು ಆರ್-600ಎ, ಅಂದರೆ ಐಸೊಬ್ಯೂಟೇನ್. ಅಡುಗೆ ಸಿಲಿಂಡರಿನ ಅನಿಲದ ಸಂಬಂಧಿ, ಹತ್ತಿ ಉರಿಯುವಂಥದು. ಇರುವುದು ಹತ್ತಾರು ಗ್ರಾಂ ಮಾತ್ರವಾದ್ದರಿಂದ ಗಾಬರಿ ಬೇಡ. ಆದರೆ ತೂತು ಬಿದ್ದರೆ ಮೊದಲು ಕಿಟಕಿ ತೆರೆಯಿರಿ, ಬೆಂಕಿ ಹಚ್ಚಬೇಡಿ, ಸ್ವಿಚ್ಚುಗಳನ್ನು ಮುಟ್ಟಬೇಡಿ.

ಗ್ಯಾಸಿನ ಮಾತು ಬಂತು ಎಂದು ಇದನ್ನೂ ಹೇಳಬೇಕು. “ಎರಡು ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು” ಎಂಬುದು ಶುದ್ಧ ಸುಳ್ಳು. ಗ್ಯಾಸು ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸು ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ತುಂಬಿಸಿ ಹೋಗುವ ಮೆಕ್ಯಾನಿಕ್ಕು ಮುಂದಿನ ಬಿಲ್ಲಿಗೂ ಅಡಿಪಾಯ ಹಾಕಿ ಹೋದಂತೆ. ಅವನನ್ನು ಕರೆಯುವ ಮೊದಲು ಮೂರು ನೋಡಿ: ತಿರುಪು ಎಷ್ಟರಲ್ಲಿದೆ, ಬಾಗಿಲ ರಬ್ಬರು ಬಿಗಿಯಿದೆಯೇ, ಹಿಂದುಗಡೆ ಕಪ್ಪು ಕೊಳವೆಗಳ ಜಾಲರಿ ಇದ್ದರೆ ಅದಕ್ಕೆ ಎಷ್ಟು ಧೂಳು ಮೆತ್ತಿದೆ. ಒಳಗಿನ ಬಿಸಿ ಹೊರಹೋಗುವುದು ಆ ಜಾಲರಿಯಿಂದಲೇ. ಪ್ಲಗ್ಗು ಕಿತ್ತು ಒಣ ಬ್ರಷ್ಷಿನಿಂದ ಧೂಳು ಹೊಡೆದರೆ “ಗ್ಯಾಸ್ ಖಾಲಿ”ಯಾಗಿದ್ದ ಎಷ್ಟೋ ಫ್ರಿಜ್ಜುಗಳು ಮತ್ತೆ ತಂಪಾಗುತ್ತವೆ. ಜಾಲರಿ ಕಾಣದ ಹೊಸ ಮಾದರಿಗಳಲ್ಲಿ ಆ ಕೊಳವೆಗಳು ಬದಿಯ ಗೋಡೆಗಳೊಳಗಿರುತ್ತವೆ. ಹೊರಮೈ ಬೆಚ್ಚಗಿದೆ ಎಂದು ಹೆದರಬೇಕಾಗಿಲ್ಲ, ಗೋಡೆಗೆ ಒತ್ತಿ ನಿಲ್ಲಿಸದಿದ್ದರೆ ಸಾಕು.

ಉಳಿದವು ಚಿಲ್ಲರೆ. ರಾತ್ರಿ ಆಫ್ ಮಾಡಿದರೆ ಕರೆಂಟು ಉಳಿಯುತ್ತದೆ ಎಂಬುದು ಹುಸಿ ಲೆಕ್ಕ. ಬೆಳಿಗ್ಗೆ ಎಲ್ಲವನ್ನೂ ಮತ್ತೆ ತಣ್ಣಗಾಗಿಸಬೇಕು, ನಡುವೆ ಹಾಲು ಒಡೆದರೆ ಅದೂ ಖರ್ಚೇ. ತಟ್ಟೆಗಳ ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸು ಹಾಸುವುದು ಚೆಂದಕ್ಕೆ ಸರಿ, ಗಾಳಿಯ ಓಡಾಟಕ್ಕೆ ಅಡ್ಡಿ. ಫ್ರಾಸ್ಟ್ ಫ್ರೀ ಎಂದರೆ ತೊಳೆಯುವ ಕೆಲಸವೂ ಇಲ್ಲ ಎಂದು ಅರ್ಥವಲ್ಲ, ಐಸು ಮಾತ್ರ ಕಟ್ಟುವುದಿಲ್ಲ. ಕರೆಂಟು ಹೋದಾಗ ಬಾಗಿಲು ತೆರೆದು ತೆರೆದು ನೋಡಬೇಡಿ; ಮುಚ್ಚಿಯೇ ಇದ್ದರೆ ಒಳಗಿನ ತಂಪು ಸುಮಾರು 4 ಗಂಟೆ ನಿಲ್ಲುತ್ತದೆ.

ಬೇಸಿಗೆ ರಜೆಗೆ ಊರಿಗೆ ಹೊರಟಾಗ ಫ್ರಿಜ್ ಖಾಲಿ ಮಾಡಿ, ಆಫ್ ಮಾಡಿ, ಬಾಗಿಲು ಭದ್ರವಾಗಿ ಮುಚ್ಚಿ ಹೋಗುವವರಿದ್ದಾರೆ. ತಿಂಗಳ ನಂತರ ತೆರೆದರೆ ಒಳಗೆಲ್ಲ ಬೂಷ್ಟು, ಮುಗ್ಗಲು ವಾಸನೆ. ಆಫ್ ಮಾಡಿದ ಫ್ರಿಜ್ಜಿನ ತೇವ ಹೊರಗೆ ಹೋಗಬೇಕು. ಐಸೆಲ್ಲ ಕರಗಿಸಿ, ಒಳಗನ್ನೂ ಹಿಂದಿನ ಟ್ರೇಯನ್ನೂ ಒರೆಸಿ ಒಣಗಿಸಿ, ಬಾಗಿಲ ಸಂದಿಗೆ ಮಡಿಸಿದ ಬಟ್ಟೆ ಸಿಕ್ಕಿಸಿ ಎರಡು ಬೆರಳಷ್ಟು ತೆರೆದಿಟ್ಟು ಮನೆಗೆ ಬೀಗ ಹಾಕಿ.