ಒಂಬತ್ತೂವರೆ ಆಗಲೇ ಇಲ್ಲ

‘ನೋಡ್ರೀ, 23ನೇ ಸಲ. ಮತ್ತೆ ಹತ್ತು ಗಂಟೆ ಹತ್ತು ನಿಮಿಷ!’

ಹನುಮಂತನಗರದ ಮಹಡಿ ಕೋಣೆಯಲ್ಲಿ ಕಲಾವಿದೆ ಗೆಳತಿ ಟ್ಯಾಬ್ಲೆಟ್ಟನ್ನು ನನ್ನತ್ತ ತಿರುಗಿಸಿದರು. ಪತ್ರಿಕೆಯೊಂದಕ್ಕೆ ಬೆಳಗಾಗುವುದರೊಳಗೆ ಚಿತ್ರ ಕೊಡಬೇಕಿತ್ತು. ಲೇಖನ, ಮನೆಗೆ ಬಂದ ಮೇಲೂ ಬೆನ್ನು ಬಿಡದ ಕಚೇರಿ ಕೆಲಸದ ಕುರಿತು. ಅವರಿಗೆ ಹೊಳೆದದ್ದು ಗಾಣದೆತ್ತು. ಗೋಡೆ ಗಡಿಯಾರವೇ ಗಾಣ, ಗಂಟೆ ಮುಳ್ಳೇ ನೊಗದ ಮರ. ಅದನ್ನೆಳೆಯುತ್ತ ಸುತ್ತುವವನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ, ಕೊರಳಲ್ಲಿ ಐಡಿ ಕಾರ್ಡ್ ತೂಗುವ ನೌಕರ. ಸಮಯ ರಾತ್ರಿ ಒಂಬತ್ತೂವರೆ. ಇಷ್ಟು ಓದುವಷ್ಟರಲ್ಲಿ ನಿಮಗೆ ಚಿತ್ರ ಕಂಡೇಬಿಟ್ಟಿತು. ಅದನ್ನು ಬರೆಯಲು ಅವರು ಹಚ್ಚಿದ್ದ ಎಐಗೆ ಕಾಣಲಿಲ್ಲ.

ಮೊದಲು ಗಾಣದಲ್ಲೇ ಎಡವಿತು. ಎಣ್ಣೆ ಗಾಣ ಎಂದರೆ ಅದು ಕೊಟ್ಟಿದ್ದು ಆಲಿವ್ ಅರೆಯುವ ಐರೋಪ್ಯ ಬೀಸುಕಲ್ಲು, ಎಳೆಯಲು ಕತ್ತೆ. ಗೆಳತಿ ಗಾಣದ ಹೆಸರನ್ನೇ ಬಿಟ್ಟು, ಅಂಗ ಅಂಗ ವರ್ಣಿಸತೊಡಗಿದರು: ಒರಳಿನಂಥ ಕಲ್ಲು, ಅದರಲ್ಲಿ ಓರೆಯಾಗಿ ನಿಂತ ದಿಮ್ಮಿ, ಅದಕ್ಕೆ ಬಿಗಿದ ಅಡ್ಡಮರ. ಏಳನೆಯ ಸಲಕ್ಕೆ ಗಾಣ ಬಂತು. ಐಡಿ ಕಾರ್ಡಿನ ಮೇಲೆ ಕನ್ನಡವೆಂದು ಜಿಲೇಬಿ ಸುರುಳಿ ಬಂತು, ಅದನ್ನು ಒರೆಸಿದ್ದಾಯಿತು. ಉಳಿದದ್ದು ಮುಳ್ಳು.

‘ಒಂಬತ್ತೂವರೆ’ ಎಂದರೂ ಹತ್ತು ಹತ್ತು. ‘ದೊಡ್ಡ ಮುಳ್ಳು ನೇರ ಕೆಳಕ್ಕೆ’ ಎಂದರೂ ಹತ್ತು ಹತ್ತು. ಸಿಟ್ಟಿಗೆದ್ದು ‘ಹತ್ತು ಹತ್ತು ಬೇಡವೇ ಬೇಡ’ ಎಂದು ಬರೆದಾಗ ಇನ್ನಷ್ಟು ಅಚ್ಚುಕಟ್ಟಾದ ಹತ್ತು ಹತ್ತು! ಬೇಡವೆಂದದ್ದನ್ನೇ ಹೊತ್ತು ತರುವುದು ಈ ಯಂತ್ರಗಳ ಹಳೆಯ ಚಾಳಿ. ಚಿತ್ರದ ಅಡಿಬರಹದಲ್ಲಿ ಇರುವುದರ ಹೆಸರಿರುತ್ತದೆಯೇ ಹೊರತು ಇಲ್ಲದ್ದರ ಹೆಸರನ್ನು ಯಾರು ಬರೆದಾರು? ಹಾಗಾಗಿ ‘ಬೇಡ’ ಎಂಬುದು ಅದಕ್ಕೆ ಸರಿಯಾಗಿ ತಲೆಗೆ ಹತ್ತಿಲ್ಲ.

ಈ ಹತ್ತು ಹತ್ತು ನನ್ನನ್ನು ಮರುದಿನವೂ ಬಿಡಲಿಲ್ಲ. ಗಾಂಧಿ ಬಜಾರಿನ ವಾಚ್ ಅಂಗಡಿಯ ಗಾಜಿನ ಮುಂದೆ ನಿಂತು ಎಣಿಸಿದೆ. ಸೆಲ್ ಹಾಕದೆ ನಿಲ್ಲಿಸಿದ್ದ 14 ಗಡಿಯಾರಗಳಲ್ಲಿ 11 ಅದೇ ಸಮಯ ತೋರಿಸುತ್ತಿದ್ದವು. ಕಾರಣ ಕೇಳಿದರೆ ಅಂಗಡಿಯವರು, ‘12ರ ಕೆಳಗೆ ಕಂಪನಿ ಹೆಸರು ಇರುತ್ತಲ್ಲ ಸಾರ್, ಅದು ಕಾಣಬೇಕು. ಅಲ್ಲದೆ ನೋಡಿ, ನಗೋ ಥರ ಇದೆ’ ಎಂದರು. ಅಬ್ರಹಾಂ ಲಿಂಕನ್ ತೀರಿಕೊಂಡ ಗಳಿಗೆ ಅದು ಎಂದು ಹೇಳುವವರಿದ್ದಾರೆ, ಶುದ್ಧ ಕಟ್ಟುಕತೆ. ಲಿಂಕನ್ ಕೊನೆಯುಸಿರೆಳೆದದ್ದು ಬೆಳಿಗ್ಗೆ 7.22ಕ್ಕೆ. ಆ್ಯಪಲ್ ಕಂಪನಿ ಮಾತ್ರ ತನ್ನ ವಾಚಿನ ಜಾಹೀರಾತಿನಲ್ಲಿ ಒಂದು ನಿಮಿಷ ಮುಂಚೆಯೇ, 10.09ಕ್ಕೆ ನಿಂತಿದೆ.

ಅಂದರೆ ಜಾಹೀರಾತಿನವರ ಜಾಣತನವನ್ನು ಎಐ ಲೋಕನಿಯಮವೆಂದು ನಂಬಿ ಕೂತಿದೆ. ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಬರೆಯುವ ಎಐ ತನ್ನ ಮೊದಲ ಪಾಠ ಹೆಕ್ಕಿಕೊಂಡದ್ದು ಲಯಾನ್-5ಬಿ ಎಂಬ ರಾಶಿಯಿಂದ. ಅದರಲ್ಲಿ ಚಿತ್ರ–ಅಡಿಬರಹಗಳ 585 ಕೋಟಿ ಜೋಡಿಗಳಿದ್ದವು. ಗಡಿಯಾರದ ಚಿತ್ರದಡಿ ಜನ ‘ಗಡಿಯಾರ’ ಎಂದು ಬರೆಯುತ್ತಾರೆ, ಎಷ್ಟು ಗಂಟೆ ಎಂದು ಬರೆಯುವುದಿಲ್ಲ. ಬರೀ ಚುಕ್ಕಿಗಳ ಗೊಂದಲದಿಂದ ಶುರುಮಾಡಿ, ಹೆಜ್ಜೆ ಹೆಜ್ಜೆಗೂ ಗೊಂದಲ ಕಳೆಯುತ್ತ ಚಿತ್ರ ತೇಲಿಸುವ ಈ ವಿಧಾನದಲ್ಲಿ, ಹೆಚ್ಚು ಸಲ ಕಂಡದ್ದೇ ಮೇಲೆ ಬರುತ್ತದೆ.

ಸಂಪಾದಕೀಯ ಪುಟದ ಚಿತ್ರಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ನ್ಯೂಯಾರ್ಕ್ ಟೈಮ್ಸ್ 1970ರಲ್ಲಿ ಅಭಿಪ್ರಾಯ ಪುಟ ಆರಂಭಿಸಿದಾಗ ಬ್ರಾಡ್ ಹಾಲೆಂಡ್‌ರಂಥವರು ಹಿಡಿದ ಹಟ ಒಂದೇ: ಲೇಖನದಲ್ಲಿರುವುದನ್ನೇ ಬರೆಯುವುದಿಲ್ಲ, ಅದರ ಪಕ್ಕದಲ್ಲಿ ನಿಲ್ಲುವ ಇನ್ನೊಂದು ಯೋಚನೆ ಬರೆಯುತ್ತೇವೆ. ಕಲಾವಿದ ಚಂದ್ರನಾಥ ಆಚಾರ್ಯರ ರೇಖೆಗಳನ್ನು ನೋಡುತ್ತ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಐ ಈ ಪಂಕ್ತಿಗೆ ಬಂದು ಕೂತದ್ದು 2022ರಲ್ಲಿ. ಜೂನ್‌ನಲ್ಲಿ ಎಕನಾಮಿಸ್ಟ್ ಪತ್ರಿಕೆ ಮಿಡ್‌ಜರ್ನಿ ಎಂಬ ಎಐ ಬರೆದ ಚಿತ್ರವನ್ನು ಮುಖಪುಟಕ್ಕೆ ಹಾಕಿತು. ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಪತ್ರಿಕೆಯ ಚಾರ್ಲಿ ವಾರ್ಜೆಲ್ ತಮ್ಮ ಬರಹಕ್ಕೆ ಅಂಥದೇ ಚಿತ್ರ ಬಳಸಿ, ಕಲಾವಿದರಿಂದ ಬೈಸಿಕೊಂಡು ಕ್ಷಮೆ ಕೇಳಿದರು. ಎಐ ಚಿತ್ರಕ್ಕೆ ಕೊಲರಾಡೊ ಮೇಳದಲ್ಲಿ ಬಹುಮಾನ ಗೆದ್ದ ಜೇಸನ್ ಅಲೆನ್, 624 ಸಲವಾದರೂ ಪ್ರಾಂಪ್ಟ್ ತಿದ್ದಿದ್ದೇನೆಂದು ವಾದಿಸಿದರೂ ಅಮೆರಿಕದ ಕಾಪಿರೈಟ್ ಕಚೇರಿ 2023ರಲ್ಲಿ ಆ ಚಿತ್ರಕ್ಕೆ ಹಕ್ಕು ಕೊಡಲು ಒಪ್ಪಲಿಲ್ಲ. 23ಕ್ಕೇ ಸುಸ್ತಾದ ನಮ್ಮ ಗೆಳತಿಗೆ ಈ ಲೆಕ್ಕ ಕೇಳಿ ಆತ ದೇವರಂತೆ ಕಂಡರು!

ಆ ರಾತ್ರಿ ಕೊನೆಗೆ ಗೆಳತಿ ಮಾಡಿದ್ದಿಷ್ಟು: ಗಾಣದ ಮರದ ಒರಟುತನ, ಟ್ಯೂಬ್‌ಲೈಟಿನ ಬೆಳಕು, ಅಂಗಿಯ ನೆರಿಗೆ ಇವನ್ನು ಉಳಿಸಿಕೊಂಡರು. ಅವು ಚೆನ್ನಾಗಿಯೇ ಇದ್ದವು, ಎರಡು ದಿನದ ಕೆಲಸ ಉಳಿಯಿತು ಎಂದು ಅವರೇ ಒಪ್ಪಿದರು. ಮುಳ್ಳುಗಳನ್ನು ಅಳಿಸಿ, ಒಂಬತ್ತೂವರೆಗೆ ತಾವೇ ಗೆರೆ ಎಳೆದರು. ನಾಲ್ಕು ನಿಮಿಷ ಹಿಡಿಯಿತು. ಗಂಟೆ ಮುಳ್ಳಿನ ಜೊತೆ ನೌಕರನನ್ನೂ ಕೆಳಕ್ಕೆ ಸರಿಸಬೇಕಾದ್ದರಿಂದ ಅವನ ಬೆನ್ನು ಇನ್ನಷ್ಟು ಬಾಗಿತು. ಅಲ್ಲಿಗೆ ಚಿತ್ರಕ್ಕೆ ಜೀವ ಬಂತು ಎಂಬುದು ನನ್ನ ಅಂದಾಜು. ಅವರು ಬರೀ ‘ಹೂಂ’ ಎಂದರು.

ಮೂಲೆಯಲ್ಲಿ ಸಹಿ ಹಾಕುವಾಗ ಕೇಳಿದೆ, ಎಐ ಹೆಸರು ಹಾಕೋದಿಲ್ವಾ?

‘ಎತ್ತಿಗೆ ಎಣ್ಣೆಯಲ್ಲಿ ಪಾಲು ಕೊಡ್ತಾರೇನ್ರೀ?’

‘ಹಿಂಡಿನಾದ್ರೂ ಹಾಕ್ತಾರೆ. ಆ 585 ಕೋಟಿ ಚಿತ್ರ ಬರೆದವರಿಗೆ, ತೆಗೆದವರಿಗೆ?’

ಅವರು ಪೆನ್ನು ಕೆಳಗಿಟ್ಟರು. ತಮ್ಮ ಹಳೆಯ ಚಿತ್ರಗಳೂ ಆ ರಾಶಿಯಲ್ಲಿ ಇದ್ದಿರಬಹುದು ಎಂದಷ್ಟೇ ಹೇಳಿ, ಫೈಲ್ ಕಳಿಸಲು ಪತ್ರಿಕೆಯ ಇ–ಮೇಲ್ ವಿಳಾಸ ಹುಡುಕತೊಡಗಿದರು.